ಕೂಡುಹಾಸು: ಶಿಕಾರಿಪುರ–ಸೊರಬ ಸೀಮೆಯಲ್ಲಿ ನೋಡುವ ಕಣ್ಣು ಮತ್ತು ತಿದ್ದುವ ಕೈ

1. ವಿಷಯ ಪ್ರವೇಶ

ಹಲವರು ಒಂದು ಹಾಸಿನ ಸುತ್ತ ಸೇರಿ, ಅದರ ಮೇಲೆ ಮೂಡಿದ ಗೆರೆ, ಅಂಕಿ, ಅಕ್ಷರ ಅಥವಾ ಚಿತ್ರವನ್ನು ಒಟ್ಟಿಗೆ ನೋಡುತ್ತ, ಬೆರಳಿಟ್ಟು ತೋರಿಸುತ್ತ, ತಿದ್ದುತ್ತ ಕೆಲಸ ಮಾಡುವ ಕ್ರಮ ಬಹು ಹಳೆಯದು. ಹೊಲದ ಎಲ್ಲೆಯನ್ನು ತೀರ್ಮಾನಿಸುವ ಪಂಚಾಯಿತಿ, ಮದುವೆಮನೆಯ ಹಸೆ ಬರೆಯುವ ಹೆಂಗಸರು, ಕಟ್ಟೆಯ ಮೇಲೆ ಚೆನ್ನೆಮಣೆಗೆ ಕುಳಿತವರು, ಇವರೆಲ್ಲರ ನಡುವೆ ಇಂಥದೊಂದು ಹಾಸು ಇದ್ದೇ ಇರುತ್ತದೆ. ಅದು ಕಲ್ಲಾಗಿರಬಹುದು, ಬಟ್ಟೆಯಾಗಿರಬಹುದು, ಸಾರಿಸಿದ ನೆಲವಾಗಿರಬಹುದು, ಈಚಿನ ದಿನಗಳಲ್ಲಿ ಕಂಪ್ಯೂಟರಿನ ಪರದೆಯೂ ಆಗಿರಬಹುದು. ಪ್ರಸ್ತುತ ಲೇಖನದಲ್ಲಿ ಇದನ್ನು ‘ಕೂಡುಹಾಸು’ ಎಂದು ಕರೆಯಲಾಗಿದೆ.

ಕಳೆದ ಮೂರು ದಶಕಗಳಿಂದ ಕಂಪ್ಯೂಟರ್ ವಿಜ್ಞಾನದಲ್ಲಿ ಈ ಹಾಸು ಒಂದು ಸಂಶೋಧನಾ ವಸ್ತುವಾಗಿದೆ. 1991ರಲ್ಲಿ ಪಿಯರ್ ವೆಲ್ನರ್ ಎಂಬ ಸಂಶೋಧಕರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದಲ್ಲಿ ರೂಪಿಸಿದ ‘ಡಿಜಿಟಲ್ ಡೆಸ್ಕ್’ ಅನ್ನು ಪ್ರಕಟಿಸಿದರು. ಸಾಮಾನ್ಯ ಮೇಜಿನ ಮೇಲ್ಗಡೆ ಒಂದು ಪ್ರೊಜೆಕ್ಟರನ್ನೂ ಕ್ಯಾಮೆರಾವನ್ನೂ ಕಟ್ಟಿ, ಮೇಜಿನ ಮೇಲಿನ ಕಾಗದಗಳ ನಡುವೆಯೇ ಬೆಳಕಿನ ಅಂಕಿ ಅಕ್ಷರಗಳನ್ನು ಮೂಡಿಸುವ, ಬೆರಳು ತೋರಿದ್ದನ್ನು ಗುರುತಿಸುವ ವ್ಯವಸ್ಥೆ ಅದು. 1998ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ರಮೇಶ್ ರಸ್ಕರ್ ಮತ್ತು ಸಂಗಡಿಗರು ಕೋಣೆಯ ಉಬ್ಬುತಗ್ಗಿನ ಮೇಲ್ಮೈಗಳನ್ನೇ ಪರದೆಯಾಗಿ ಬಳಸುವ ಬಗೆಯನ್ನು ಮುಂದಿಟ್ಟರು. 2001ರಲ್ಲಿ ಐಬಿಎಂನ ಕ್ಲಾಡಿಯೊ ಪಿನ್ಹಾನೆಜ್ ತಿರುಗುವ ಕನ್ನಡಿಯ ನೆರವಿನಿಂದ ಒಂದೇ ಚಿತ್ರವನ್ನು ಗೋಡೆಗೆ, ಮೇಜಿಗೆ, ನೆಲಕ್ಕೆ ಸಾಗಿಸಿ, ಆಯಾ ಜಾಗಕ್ಕೆ ತಕ್ಕಂತೆ ಅದರ ಸೊಟ್ಟತನವನ್ನು ಸರಿಪಡಿಸುವ ಪ್ರೊಜೆಕ್ಟರನ್ನು ವಿವರಿಸಿದರು. ಬೀಳುವ ಜಾಗಕ್ಕೂ ನೋಡುವವರಿಗೂ ಹೊಂದಿಕೊಳ್ಳುವ ಬೆಳಕಿನ ಹಾಸು ಹೀಗೆ ಸಾಧ್ಯವಾಯಿತು.

ಯಂತ್ರ ಸಿದ್ಧವಾದೊಡನೆ ಅದು ಬಳಕೆಗೆ ಒದಗುವುದೇ ಎಂಬ ಪ್ರಶ್ನೆ ಎದ್ದಿತು. ಇದಕ್ಕೆ ಉತ್ತರ ಹುಡುಕಿದವರು ಯಂತ್ರವನ್ನಲ್ಲ, ಮೇಜಿನ ಸುತ್ತ ಕುಳಿತ ಜನರನ್ನು ಗಮನಿಸಿದರು. ಸಣ್ಣ ಗುಂಪುಗಳು ಕಾಗದದ ಮೇಲೆ ಕೂಡಿ ಚಿತ್ರಿಸುವುದನ್ನು ಅಧ್ಯಯನ ಮಾಡಿದ ಜಾನ್ ಟ್ಯಾಂಗ್, ಮೂಡಿದ ಚಿತ್ರಕ್ಕಿಂತ ಅದು ಮೂಡುವಾಗಿನ ಕೈಸನ್ನೆ ಮತ್ತು ಮಾತು ಕೆಲಸದ ಮುಖ್ಯ ಭಾಗವೆಂದು 1991ರಲ್ಲಿ ತೋರಿಸಿದರು. ಮೇಜಿನ ಮೇಲಿನ ವಸ್ತುವನ್ನು ಯಾರ ಕಡೆಗೆ ತಿರುಗಿಸಿಡುತ್ತಾರೆ ಎಂಬುದು ಓದುವ ಅನುಕೂಲವಷ್ಟೇ ಅಲ್ಲ, ‘ಇದು ನಿನಗೆ’, ‘ಇದು ನಮ್ಮೆಲ್ಲರಿಗೆ’ ಎಂದು ಹೇಳುವ ಬಗೆಯೂ ಹೌದೆಂದು ಕೆನಡಾದ ರಸೆಲ್ ಕ್ರೂಗರ್ ಮತ್ತು ಸಂಗಡಿಗರು ಗುರುತಿಸಿದರು. ಮೇಜಿನ ಸುತ್ತ ಕುಳಿತವರು ಯಾರೂ ಹೇಳದೆಯೇ ‘ನನ್ನ ಜಾಗ, ಎಲ್ಲರ ಜಾಗ, ಎತ್ತಿಡುವ ಜಾಗ’ ಎಂದು ಹಾಸನ್ನು ವಿಂಗಡಿಸಿಕೊಳ್ಳುವುದನ್ನು ಸ್ಟೇಸಿ ಸ್ಕಾಟ್ ಮತ್ತು ಸಂಗಡಿಗರು 2004ರಲ್ಲಿ ವಿವರಿಸಿದರು.

ಈ ತಿಳಿವಳಿಕೆ ಪ್ರಯೋಗಾಲಯದಲ್ಲಿ ಮೂಡಿದ್ದರೂ ಅದರ ಸಾಮಗ್ರಿ ಜಾನಪದದ್ದು. ಕೂಡುಹಾಸಿನ ಬಳಕೆಯೋಗ್ಯತೆಯನ್ನು ಮೂರು ಪ್ರಶ್ನೆಗಳಿಂದ ಅಳೆಯಬಹುದು: ಹಾಸು ಯಾರ ಕಡೆಗೆ ಮುಖಮಾಡಿದೆ? ಯಾರ ಕೈ ಅದನ್ನು ಮುಟ್ಟಬಲ್ಲುದು? ಅಳಿಸಿದ್ದರ ಗುರುತು ಉಳಿಯುತ್ತದೆಯೇ? ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಇತಿಹಾಸದಲ್ಲಿ ಈ ಪ್ರಶ್ನೆಗಳು ಭೂಮಿಯ ಹಕ್ಕಿನೊಂದಿಗೆ ಹೆಣೆದುಕೊಂಡೇ ಬಂದಿವೆ. ನೋಡುವ ಅವಕಾಶ ಮಾತ್ರದಿಂದ ಹಾಸು ಎಲ್ಲರದೂ ಆಗುವುದಿಲ್ಲ, ಕೈಯಿಟ್ಟು ತಿದ್ದುವ ಅವಕಾಶದಿಂದ ಆಗುತ್ತದೆ ಎಂಬುದನ್ನು ಈ ಸೀಮೆಯ ಆಧಾರಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕಲ್ಲು: ಎಲ್ಲರೆದುರು ನಿಂತ ಹಾಸು

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಶಾಸನವನ್ನು 1894ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಕದಂಬರ ಶಾಂತಿವರ್ಮನ ಕಾಲದ, ಕ್ರಿ.ಶ. 5ನೆಯ ಶತಮಾನದ ಈ ಸಂಸ್ಕೃತ ಕಾವ್ಯವನ್ನು ಕುಬ್ಜನೆಂಬ ಕವಿ ರಚಿಸಿದನು. ಕಾಕುಸ್ಥವರ್ಮನು ಅಲ್ಲಿ ಕೆರೆ ಕಟ್ಟಿಸಿದ ಸಂಗತಿ ಅದರಲ್ಲಿ ಬರುತ್ತದೆ. ವಿದ್ವಾಂಸರು ಇದರ ಛಂದಸ್ಸು ಮತ್ತು ರಾಜವಂಶದ ವಿವರಗಳನ್ನು ಬಹುವಾಗಿ ಚರ್ಚಿಸಿದ್ದಾರೆ. ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಅದರ ಬರಹದ ದಿಕ್ಕು. ಎಂಟು ಮುಖಗಳ ಈ ಕಂಬದ ಏಳು ಮುಖಗಳಲ್ಲಿ ಎರಡೆರಡು ಸಾಲುಗಳೂ ಎಂಟನೆಯದರಲ್ಲಿ ಒಂದು ಚಿಕ್ಕ ಸಾಲೂ ಇವೆ. ಸಾಲುಗಳು ಬುಡದಿಂದ ಮೇಲಕ್ಕೆ ಏರುತ್ತವೆ. ಓದುವವನು ತಲೆಯನ್ನು ವಾಲಿಸಿ ಓದಬೇಕು, ಕಂಬವನ್ನು ಸುತ್ತಬೇಕು. ಹಾಸು ಓದುಗನಿಗೆ ಹೊಂದಿಕೊಳ್ಳದು, ಓದುಗನೇ ಹಾಸಿಗೆ ಹೊಂದಿಕೊಳ್ಳಬೇಕು.

ಇದರ ಪಕ್ಕದಲ್ಲಿ ಈ ಎರಡೂ ತಾಲ್ಲೂಕುಗಳಲ್ಲಿ ಹೇರಳವಾಗಿ ದೊರೆಯುವ ವೀರಗಲ್ಲುಗಳನ್ನು ಇಟ್ಟು ನೋಡಬೇಕು. ಅವುಗಳ ಕಥನವೂ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಅಕ್ಷರ ಬಾರದವನೂ ಇದನ್ನು ಮಗುವಿಗೆ ಬೆರಳಿಟ್ಟು ತೋರಿಸಿ ಹೇಳಬಲ್ಲ. ದಾನಶಾಸನಗಳ ನೆತ್ತಿಯ ಮೇಲಿನ ಸೂರ್ಯ, ಚಂದ್ರ, ಲಿಂಗ, ಹಸು–ಕರುಗಳ ಕೆತ್ತನೆಯೂ ಇದೇ ಕೆಲಸ ಮಾಡುತ್ತದೆ. ಅದು ಅಕ್ಷರವಂತರಲ್ಲದವರಿಗೆ ಬರೆದ ಒಕ್ಕಣೆ. ಸೂರ್ಯಚಂದ್ರರಿರುವವರೆಗೆ ಈ ದತ್ತಿ ನಡೆಯಬೇಕೆಂಬುದನ್ನು ಅದು ಓದದೆಯೇ ತಿಳಿಸುತ್ತದೆ. ಭೂಮಿಯ ಎಲ್ಲೆ ಹೇಳುವಾಗ ಹಳ್ಳ, ಹುತ್ತ, ಮರ, ಕೆರೆಯ ಕೋಡಿ, ನಟ್ಟಕಲ್ಲು ಮುಂತಾಗಿ ಊರವರು ದಿನವೂ ಕಾಣುವ ಗುರುತುಗಳನ್ನೇ ಬಳಸಿರುವುದೂ ಗಮನಾರ್ಹ. ಶಾಸನದ ಮಾತನ್ನು ಒಬ್ಬ ಓದಿದರೆ, ಹತ್ತು ಜನ ನೆಲದ ಮೇಲೆ ನಡೆದು ತಾಳೆ ನೋಡಬಹುದಾಗಿತ್ತು.

ಓದಿ ಹೇಳುವವರು ಈ ಸೀಮೆಯಲ್ಲಿ ದುರ್ಲಭರೇನೂ ಆಗಿರಲಿಲ್ಲ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ವ್ಯಾಕರಣ, ದರ್ಶನ ಮುಂತಾದ ಶಾಸ್ತ್ರಗಳ ಅಧ್ಯಯನ ನಡೆಯುತ್ತಿದ್ದುದನ್ನೂ ಬಡಬಗ್ಗರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ತಿಳಿಸುತ್ತದೆ. ಅದೇ ಊರಿನಲ್ಲಿ 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯನು ಭೇರುಂಡ ಕಂಬವನ್ನು ನಿಲ್ಲಿಸಿದನು. ಈ ಭಾಗದ ಶಾಸನಗಳಲ್ಲಿ ಬರುವ ‘ಭೇರುಂಡ ಗಳೆ’ ಎಂಬ ಭೂಮಾಪನದ ಕೋಲನ್ನು ವಿದ್ವಾಂಸರು ಈ ಕಂಬದೊಂದಿಗೆ ಸಂಬಂಧಿಸಿ ಅರ್ಥೈಸಿದ್ದಾರೆ. ಅಳತೆಯ ಮೂಲಮಾನ ಒಬ್ಬರ ಮನೆಯ ಅಟ್ಟದಲ್ಲಿರದೆ ದೇಗುಲದ ಮುಂದೆ, ಎಲ್ಲರ ಕಣ್ಣೆದುರು ನಿಂತಿದ್ದರೆ ಅದಕ್ಕೊಂದು ಸಾಮಾಜಿಕ ಅರ್ಥವಿದೆ. ಕೋಲಿನ ಉದ್ದದ ಬಗ್ಗೆ ತಕರಾರು ಬಂದರೆ ಹೋಗಿ ಹೋಲಿಸಿ ನೋಡುವ ಜಾಗ ಅದು.

ಆದರೂ ಕಲ್ಲು ತಿದ್ದುವ ಹಾಸಲ್ಲ. ಅದು ಎಲ್ಲರಿಗೂ ಕಾಣುತ್ತದೆ, ಯಾರಿಗೂ ಬಗ್ಗುವುದಿಲ್ಲ. ಕೆತ್ತಿಸುವ ಅಧಿಕಾರ ಅರಸ, ಮಠ, ಮಹಾಜನರಲ್ಲಿ ಇತ್ತು. ಉತ್ತು ಬಿತ್ತುವವನು ಕಲ್ಲಿನ ಮುಂದೆ ಸಾಕ್ಷಿಯಾಗಿ ನಿಂತನೇ ಹೊರತು ಕರ್ತೃವಾಗಿ ಅಲ್ಲ.

3. ಕಡತ ಮತ್ತು ಕೊಳಗ: ಒಬ್ಬರ ಕೈಯ ಹಾಸು

ಕಲ್ಲಿನ ಎದುರು ತುದಿಯಲ್ಲಿರುವುದು ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಬಳಪದಿಂದ ಬರೆದು, ಬೇಡವಾದಾಗ ಒರಸಿ, ಮತ್ತೆ ಬರೆಯಬಹುದಾಗಿತ್ತು. ವರ್ತಕರ ಲೆಕ್ಕ, ಮಠಗಳ ಲೆಕ್ಕ, ಊರಿನ ಕಂದಾಯದ ಲೆಕ್ಕ ಇಂಥ ಕಡತಗಳಲ್ಲಿ ಇರುತ್ತಿದ್ದವು. ಬದಲಾವಣೆಗೆ ಒಗ್ಗುವ ಗುಣದಲ್ಲಿ ಇಂದಿನ ಬೆಳಕಿನ ಹಾಸಿಗೆ ಹತ್ತಿರವಾದ ಹಳೆಯ ಸಾಧನವೆಂದರೆ ಇದೇ. ಆದರೆ ಒಳ್ಳೆಯ ಗುಣವೇ ಅದರ ಅಪಾಯವೂ ಆಗಿತ್ತು. ಅದು ತೊಡೆಯ ಮೇಲೆ ಬಿಚ್ಚಿಕೊಳ್ಳುವ ಹಾಸು, ಬರೆಯುವವನ ಕಡೆಗೇ ಮುಖಮಾಡುವ ಹಾಸು. ಎದುರಿಗೆ ಕುಳಿತವನಿಗೆ ಅಕ್ಷರ ತಲೆಕೆಳಗಾಗಿ ಕಾಣುತ್ತದೆ, ಅಥವಾ ಕಾಣುವುದೇ ಇಲ್ಲ. ಒರಸಿದ ಅಂಕಿಗೆ ಗುರುತು ಉಳಿಯುವುದಿಲ್ಲ.

ಕೆಳದಿಯ ಶಿವಪ್ಪನಾಯಕನ (1645–1660) ‘ಶಿಸ್ತು’ ಈ ಹಿನ್ನೆಲೆಯಲ್ಲಿ ಮುಖ್ಯವಾಗುತ್ತದೆ. ಪ್ರತಿ ಊರಿನಲ್ಲೂ ಬಗೆಬಗೆಯ ನೆಲದ ಒಂದೊಂದು ತುಂಡನ್ನು ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬೆಳೆ ಮತ್ತು ಖರ್ಚಿನ ಲೆಕ್ಕವಿರಿಸಿ, ಸರಾಸರಿಯ ಮೇಲೆ ಕಂದಾಯ ನಿಗದಿ ಮಾಡಿದನೆಂದು ಹೇಳಲಾಗಿದೆ. ಲೆಕ್ಕದ ಆಧಾರವು ಊರವರ ಕಣ್ಣಮುಂದಿನ ಗದ್ದೆಯಲ್ಲೇ ಇತ್ತು ಎಂಬುದು ಈ ಪದ್ಧತಿಗೆ ಜನಮನದಲ್ಲಿ ದೊರೆತ ಗೌರವಕ್ಕೆ ಒಂದು ಕಾರಣವಿರಬೇಕು.

ಮೈಸೂರು ಸಂಸ್ಥಾನದಲ್ಲಿ 1863ರಿಂದ ಆರಂಭವಾದ ಕಂದಾಯ ಮೋಜಣಿಯು ಹೊಸ ಹಾಸೊಂದನ್ನು ತಂದಿತು: ಸರ್ವೆ ನಂಬರು, ಟಿಪ್ಪಣಿ ಮತ್ತು ಗ್ರಾಮನಕ್ಷೆ. 33 ಅಡಿಯ ಸರಪಳಿಯ ಚದರವೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ರೈತನ ಮಾತಿನಲ್ಲಿ ಬೆರೆತುಹೋಯಿತು. ಸರಪಳಿ ಎಳೆಯುವಾಗ, ಗಡಿಕಲ್ಲು ನೆಡುವಾಗ ಊರವರು ಜೊತೆಗಿದ್ದರು. ನಕ್ಷೆ ಮಾತ್ರ ಕಚೇರಿಯಲ್ಲಿ ತಯಾರಾಗಿ ಶಾನುಭೋಗರ ದಫ್ತರಿಗೆ ಬಂತು. ಉತ್ತರ ದಿಕ್ಕು ಮೇಲಿರಬೇಕೆಂಬ ಆ ನಕ್ಷೆಯ ನಿಯಮ, ‘ಕೆರೆಯ ಕೆಳಗೆ’, ‘ಗುಡ್ಡದ ಮೇಲೆ’ ಎಂದು ನೀರಿನ ಹರಿವಿನಿಂದ ದಿಕ್ಕು ಹೇಳುವ ರೈತನ ಕ್ರಮಕ್ಕಿಂತ ಭಿನ್ನವಾದುದು. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಅದು ಕೇಳಲಿಲ್ಲ.

ಒಬ್ಬರ ಕೈಯ ಹಾಸು ಎಷ್ಟು ದೊಡ್ಡ ಸಂಕಟಕ್ಕೆ ಕಾರಣವಾಗಬಲ್ಲುದು ಎಂಬುದಕ್ಕೆ ಸೊರಬದ ನೆರೆಯ ಸಾಗರ ತಾಲ್ಲೂಕಿನ ಕಾಗೋಡು ಸಾಕ್ಷಿ. 1951ರ ಏಪ್ರಿಲಿನಲ್ಲಿ ಆರಂಭವಾದ ಅಲ್ಲಿನ ಸತ್ಯಾಗ್ರಹದಲ್ಲಿ ಗೇಣಿದಾರರಾದ ದೀವರು ಎತ್ತಿದ ಮುಖ್ಯ ತಕರಾರುಗಳಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೂ ಒಂದು. ಎಚ್. ಗಣಪತಿಯಪ್ಪನವರು ಸಂಘಟಿಸಿದ, ಸಮಾಜವಾದಿ ಪಕ್ಷದ ಬೆಂಬಲ ಪಡೆದ ಈ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೇಣಿದಾರನು ಅಳತೆಯನ್ನು ಕಣ್ಣಾರೆ ನೋಡುತ್ತಲೇ ಇದ್ದನು. ಅಂಗಳದ ನಡುವೆ, ಎಲ್ಲರೆದುರು, ಭತ್ತದ ರಾಶಿಯ ಮುಂದೆಯೇ ಅದು ನಡೆಯುತ್ತಿತ್ತು. ಇಲ್ಲದಿದ್ದುದು ನೋಟವಲ್ಲ, ಕೊಳಗದ ಮೇಲಿನ ಹಿಡಿತ. ಬಳ್ಳಿಗಾವೆಯ ಕಂಬದಂತೆ ಹೋಲಿಸಿ ನೋಡುವ ಮೂಲಮಾನವು ಒಡೆಯನ ಮನೆಯ ಕೊಳಗಕ್ಕೆ ಇರಲಿಲ್ಲ.

4. ಪಹಣಿಯಿಂದ ಪರದೆಗೆ

ವಂಶಪಾರಂಪರ್ಯದ ಪಟೇಲ–ಶಾನುಭೋಗ ಪದ್ಧತಿ 1961ರ ಕಾಯಿದೆಯ ಮೂಲಕ 1963ರಲ್ಲಿ ಕೊನೆಗೊಂಡಿತು. ಮೂಲ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿದಾರರು 7ನೇ ನಮೂನೆಯಲ್ಲಿ ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಸಾಧಿಸಬೇಕಾಯಿತು. ಆಗ ಪಹಣಿಯ ಒಂದು ಕಾಲಂ ಬದುಕಿನ ಪ್ರಶ್ನೆಯಾಯಿತು: ಸಾಗುವಳಿದಾರನ ಹೆಸರು ಬರೆಯುವ ಕಾಲಂ. ಅಲ್ಲಿ ಹೆಸರಿದ್ದವನಿಗೆ ದಾಖಲೆಯ ಬಲವಿತ್ತು, ಇಲ್ಲದವನು ನೆರೆಹೊರೆಯವರ ಸಾಕ್ಷ್ಯವನ್ನು ನೆಚ್ಚಬೇಕಾಗಿತ್ತು. ತಲೆಮಾರುಗಳಿಂದ ಉತ್ತ ನೆಲದಲ್ಲಿ ತನ್ನ ಹೆಸರಿದೆಯೇ ಇಲ್ಲವೇ ಎಂಬುದನ್ನು ಅಂಥ ದಿನ ಮೊದಲ ಬಾರಿಗೆ ತಿಳಿಯುವುದು, ನೋಡುವ ಹಕ್ಕಿಲ್ಲದವನ ಪಾಡು.

2000ದ ದಶಕದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆಯನ್ನು ಈ ಇತಿಹಾಸದ ಮುಂದುವರಿಕೆಯಾಗಿ ಓದಬೇಕು. ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಸುಮಾರು 9,000 ಗ್ರಾಮ ಲೆಕ್ಕಿಗರ ಚೀಲದಲ್ಲಿದ್ದ ಪುಸ್ತಕಗಳ ಜಾಗದಲ್ಲಿ ತಾಲ್ಲೂಕು ಕಚೇರಿಯ ಕಿಟಕಿ ಬಂತು. ಆಗ 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ದೊರೆಯತೊಡಗಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಗಣಕವನ್ನು ತೆರೆಯಬೇಕಾಗಿದ್ದುದರಿಂದ, ತಿದ್ದಿದ ಕೈ ಯಾರದು ಎಂಬುದಕ್ಕೆ ಗುರುತು ಉಳಿಯುವಂತಾಯಿತು. ಕಡತದಲ್ಲಿ ಇಲ್ಲದಿದ್ದ ಗುಣ ಇದು.

ಪ್ರಸ್ತುತ ವಿಷಯಕ್ಕೆ ಅತ್ಯಂತ ಮುಖ್ಯವಾದುದು ಆ ಕೇಂದ್ರಗಳ ಎರಡನೆಯ ಪರದೆ. ಸಿಬ್ಬಂದಿಯ ಮುಂದಿನ ಪರದೆಯಲ್ಲಿ ಕಾಣುವುದೇ ಅರ್ಜಿದಾರನ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯಲ್ಲೂ ಕಾಣುವಂತೆ ಯೋಜನೆ ರೂಪಿಸಲಾಗಿತ್ತು. ಕಡತ ಮತ್ತು ದಫ್ತರಿನ ಶತಮಾನಗಳ ನಂತರ ಲೆಕ್ಕದ ಹಾಸು ರೈತನ ಕಡೆಗೆ ಮುಖಮಾಡಿದ ಕ್ಷಣವದು. ಹಾಸು ಯಾರ ಕಡೆಗೆ ತಿರುಗಿದೆ ಎಂಬ ಮೊದಲ ಪ್ರಶ್ನೆಗೆ ಇದು ಸರಿಯಾದ ಉತ್ತರ ನೀಡಿತು.

ಎರಡನೆಯ ಪ್ರಶ್ನೆ ಮಾತ್ರ ಉಳಿಯಿತು. ಆ ಪರದೆ ನೋಡಲು ಮಾತ್ರ, ಮುಟ್ಟಲು ಅಲ್ಲ. ವಿಸ್ತೀರ್ಣದ ಗುಂಟೆ ತಪ್ಪಾಗಿದ್ದರೆ, ತಂದೆಯ ಹೆಸರು ಬೇರೆಯಾಗಿದ್ದರೆ, ಅಲ್ಲೇ ಬೆರಳಿಟ್ಟು ತಿದ್ದುವಂತಿಲ್ಲ. ತಿದ್ದುಪಡಿಗೆ ಬೇರೆ ಅರ್ಜಿ, ಬೇರೆ ದಿನ, ಬೇರೆ ಕಚೇರಿ ಮೇಜು. ಊರಿನಲ್ಲಿ ಲೆಕ್ಕಿಗರ ಎದುರು ನಾಲ್ಕು ಜನ ಸೇರಿ ‘ಇದು ಹಾಗಲ್ಲ’ ಎನ್ನುತ್ತಿದ್ದ ಕೂಟವೂ ಕಿಟಕಿಯ ಮುಂದಿನ ಸಾಲಿನಲ್ಲಿ ಕರಗಿತು. ಕಿಟಕಿ ಒಬ್ಬೊಬ್ಬರನ್ನೇ ನೋಡುತ್ತದೆ, ಎಲ್ಲೆಯ ತಕರಾರಿಗೆ ಕನಿಷ್ಠ ಇಬ್ಬರು ಬೇಕು.

5. ಹಸೆ ಮತ್ತು ರಂಗೋಲಿ ನಕ್ಷೆ: ಹಲವು ಕೈಗಳ ಹಾಸು

ಹಲವು ಕೈಗಳು ಒಂದೇ ಹಾಸಿನ ಮೇಲೆ ಗೊಂದಲವಿಲ್ಲದೆ ದುಡಿಯುವ ಬಗೆಯನ್ನು ಅರಿಯಲು ಕಾಗೋಡಿನ ಗೇಣಿದಾರರ ಸಮುದಾಯವಾದ ದೀವರ ಮನೆಗಳಿಗೇ ಹೋಗಬೇಕು. ಸೊರಬ, ಸಾಗರ ಭಾಗದ ದೀವರ ಹೆಂಗಸರು ಬರೆಯುವ ಚಿತ್ತಾರವನ್ನು ಕಲೆಯಾಗಿ ಬಹಳ ಮಂದಿ ಮೆಚ್ಚಿದ್ದಾರೆ. ಅದು ಕೂಡಿ ಮಾಡುವ ಕೆಲಸದ ಒಂದು ಶಾಸ್ತ್ರವೂ ಹೌದು. ಕೆಮ್ಮಣ್ಣಿನಿಂದ ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ ಇವು ಅದರ ಸಾಮಗ್ರಿ. ಮದುವೆಯ ಹಸೆಗೋಡೆಯ ಚಿತ್ತಾರದಲ್ಲಿ ಚೌಕಟ್ಟು ಮತ್ತು ಎಳೆಗಳು ಮೊದಲು ಬೀಳುತ್ತವೆ. ಈ ಎಳೆಗಳು ಅಂದಕ್ಕಷ್ಟೇ ಅಲ್ಲ, ಒಬ್ಬರ ಕೆಲಸದ ಜಾಗ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ತೊಡಗುತ್ತದೆ ಎಂಬುದನ್ನೂ ತೋರಿಸುತ್ತವೆ. ನುರಿತ ಹಿರಿಯಳು ಎಳೆ ಹಿಡಿದರೆ, ಕಲಿಯುವ ಹುಡುಗಿಗೆ ಒಳಗಿನ ಚಿಕ್ಕ ತುಂಬುಗೆರೆ ಸಲ್ಲುತ್ತದೆ. ಕೆನಡಾದ ಸಂಶೋಧಕರು ಮೇಜಿನ ಮೇಲೆ ಕಂಡ ‘ನನ್ನ ಜಾಗ, ಎಲ್ಲರ ಜಾಗ’ ಎಂಬ ವಿಂಗಡಣೆ ಇಲ್ಲಿ ರೇಖೆಯಾಗಿಯೇ ಇದೆ.

ಭೂಮಿ ಹುಣ್ಣಿಮೆಯ ಬುಟ್ಟಿಯ ಚಿತ್ತಾರ ಇನ್ನೊಂದು ಪಾಠ ಹೇಳುತ್ತದೆ. ಗೋಡೆಗೆ ಮೇಲು–ಕೆಳಗು ಎಲ್ಲರಿಗೂ ಒಂದೇ. ಬುಟ್ಟಿಯಾದರೋ ದುಂಡು, ಅದನ್ನು ತಿರುಗಿಸುತ್ತಲೇ ಬರೆಯಬೇಕು. ಯಾವ ಕಡೆಯಿಂದ ನೋಡಿದರೂ ಚಿತ್ತಾರಕ್ಕೆ ಬೆನ್ನಿಲ್ಲ. ಸುತ್ತ ಕುಳಿತ ಯಾರಿಗೂ ತಲೆಕೆಳಗಾಗದ ಹಾಸು ಹೇಗಿರಬೇಕೆಂದು ಕೇಳುವ ವಿನ್ಯಾಸಕಾರರಿಗೆ ಇದು ಒಂದು ಉತ್ತರ.

ಇದೇ ನೆಲದ ಕೌಶಲ ಆಡಳಿತದ ಕೆಲಸಕ್ಕೂ ಒದಗಿದ ನಿದರ್ಶನವಿದೆ. 1990ರ ಸುಮಾರಿನಲ್ಲಿ ಮೈರಾಡ ಮೊದಲಾದ ಸಂಸ್ಥೆಗಳು ಕರ್ನಾಟಕದಲ್ಲಿ ಬಳಕೆಗೆ ತಂದ ಸಹಭಾಗಿ ಗ್ರಾಮಾಧ್ಯಯನದಲ್ಲಿ ಊರವರೇ ರಂಗೋಲಿ, ಬಣ್ಣದ ಪುಡಿ, ಕಾಳು, ಎಲೆಗಳಿಂದ ನೆಲದ ಮೇಲೆ ಊರಿನ ನಕ್ಷೆ ಬಿಡಿಸುವ ಕ್ರಮ ರೂಢಿಗೆ ಬಂತು. 1993ರ ಸರ್ಕಾರಿ ಆದೇಶದ ನಂತರ ರಚಿತವಾದ ಗ್ರಾಮ ಅರಣ್ಯ ಸಮಿತಿಗಳ ಯೋಜನೆಗೂ ಇಂಥ ನಕ್ಷೆಗಳು ಒದಗಿದವು. ಈ ವಿಧಾನವನ್ನು ವಿವರಿಸಿದ ರಾಬರ್ಟ್ ಚೇಂಬರ್ಸ್ ಅವರು ನೆಲ ಮತ್ತು ಕಾಗದದ ಅಂತರವನ್ನು ಒತ್ತಿಹೇಳಿದರು: ಕಾಗದ ಬಂದೊಡನೆ ಲೇಖನಿ ಅಕ್ಷರವಂತನ ಕೈಗೆ ಹೋಗುತ್ತದೆ, ನೆಲದ ಮೇಲೆ ಹೆಚ್ಚು ಕೈಗಳು ಆಡುತ್ತವೆ. ರಂಗೋಲಿಯ ನಕ್ಷೆಗೆ ಮೇಲ್ಬದಿಯಿಲ್ಲ, ಸುತ್ತ ನಿಂತವರಿಗೆಲ್ಲ ತಮ್ಮ ತಮ್ಮ ಬದಿಯಿದೆ. ತಪ್ಪೆನಿಸಿದರೆ ಅಂಗೈಯಿಂದ ಒರಸಿ ಮತ್ತೆ ಎಳೆಯಬಹುದು. ಆದರೆ ಅದಕ್ಕೂ ಕೊರತೆಯಿದೆ. ಸಂಜೆಯ ಗಾಳಿಗೆ ಅದು ಹೋಗುತ್ತದೆ. ಕಾಗದಕ್ಕೆ ಅದನ್ನು ಇಳಿಸಿಕೊಳ್ಳುವ ಕೈ ಮತ್ತೆ ಒಬ್ಬರದೇ. ಮೂರನೆಯ ಪ್ರಶ್ನೆ, ಎಂದರೆ ಗುರುತು ಉಳಿಯುವ ಪ್ರಶ್ನೆ, ಅಲ್ಲಿ ಸೋಲುತ್ತದೆ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಕ್ರಮ ಕಾಣಬರುತ್ತದೆ. ಕಲ್ಲು ಎಲ್ಲರಿಗೂ ಕಂಡಿತು, ಗುರುತು ಉಳಿಸಿತು, ಆದರೆ ಯಾರ ಕೈಗೂ ಬಗ್ಗಲಿಲ್ಲ. ಕಡತ ಬಗ್ಗಿತು, ಆದರೆ ಒಬ್ಬರಿಗೇ ಕಂಡಿತು, ಗುರುತು ಅಳಿಸಿತು. ಭೂಮಿ ಕೇಂದ್ರದ ಎರಡನೆಯ ಪರದೆ ರೈತನಿಗೆ ಕಂಡಿತು, ಗುರುತು ಉಳಿಸಿತು, ಅವನ ಕೈಗೆ ಸಿಗಲಿಲ್ಲ. ರಂಗೋಲಿ ನಕ್ಷೆ ಎಲ್ಲರಿಗೂ ಕಂಡಿತು, ಎಲ್ಲರ ಕೈಗೂ ಸಿಕ್ಕಿತು, ಉಳಿಯಲಿಲ್ಲ. ಮೂರೂ ಗುಣ ಒಂದರಲ್ಲೇ ಕೂಡಿದ ಹಾಸು ಇಲ್ಲಿ ಪರಿಶೀಲಿಸಿದ ಸಾಧನಗಳಲ್ಲಿ ಇಲ್ಲ.

ಹೊಂದಿಕೊಳ್ಳುವ ಬೆಳಕಿನ ಹಾಸು ತಾತ್ವಿಕವಾಗಿ ಈ ಮೂರನ್ನೂ ಕೂಡಿಸಬಲ್ಲುದು. ನಕ್ಷೆಯನ್ನು ನೋಡುವವರ ಕಡೆಗೆ ತಿರುಗಿಸಬಹುದು, ಹಲವು ಬೆರಳುಗಳನ್ನು ಒಮ್ಮೆಗೇ ಗುರುತಿಸಬಹುದು, ತಿದ್ದಿದ ಪ್ರತಿ ಗೆರೆಯ ಹಿಂದಿನ ರೂಪವನ್ನೂ ಉಳಿಸಬಹುದು. ಇದು ದೂರದ ಮಾತೇನಲ್ಲ. 2020ರಲ್ಲಿ ಆರಂಭವಾದ, ಕರ್ನಾಟಕವೂ ಮೊದಲ ಹಂತದಲ್ಲೇ ಸೇರಿದ ‘ಸ್ವಾಮಿತ್ವ’ ಯೋಜನೆಯಲ್ಲಿ ಊರಿನ ಆಸ್ತಿಗಳ ಚಿತ್ರವನ್ನು ಡ್ರೋನ್ ತೆಗೆಯುತ್ತದೆ. ಅದಕ್ಕೂ ಮೊದಲು ನಡೆಯುವ ಕೆಲಸ ಹಳೆಯದೇ: ಮನೆ, ಹಿತ್ತಿಲುಗಳ ಎಲ್ಲೆಯನ್ನು ನೆಲದ ಮೇಲೆ ಸುಣ್ಣದ ಗೆರೆಯಿಂದ ಗುರುತಿಸುವುದು. ಮುಗಿಲಿನಿಂದ ನೋಡುವ ಯಂತ್ರವೂ ನೆಲದ ಮೇಲೆ ಮನುಷ್ಯನ ಕೈ ಎಳೆದ ಗೆರೆಯನ್ನೇ ನೆಚ್ಚಿದೆ. ಆ ಗೆರೆ ಎಳೆಯುವಾಗ ನೆರೆಯವನು ಎದುರಿಗಿದ್ದು ಒಪ್ಪಿದ್ದನೇ ಎಂಬುದರ ಮೇಲೆ ಮುಂದಿನ ನಕ್ಷೆಯ ನ್ಯಾಯ ನಿಂತಿದೆ.

ಆದುದರಿಂದ ಇಂಥ ಬೆಳಕಿನ ಹಾಸು ಯಾವುದಾದರೂ ಗ್ರಾಮಸಭೆಗೆ ಬಂದಾಗ ಅದನ್ನು ಪರೀಕ್ಷಿಸುವ ಮಾನದಂಡ ಚಿತ್ರದ ಸ್ಪಷ್ಟತೆಯಷ್ಟೇ ಆಗಬಾರದು. ಸಭೆಯ ಕೊನೆಯಲ್ಲಿ ಕುಳಿತ ಹೆಂಗಸಿಗೆ ನಕ್ಷೆ ನೇರವಾಗಿ ಕಾಣುತ್ತದೆಯೇ, ಅವಳ ಕೈ ಅದನ್ನು ತಲುಪುತ್ತದೆಯೇ, ಅವಳು ಎಳೆದ ಗೆರೆಯನ್ನು ಬೇರೊಬ್ಬರು ಅಳಿಸಿದರೆ ನಾಳೆ ಅದು ತಿಳಿಯುತ್ತದೆಯೇ ಎಂಬುದೇ ಮಾನದಂಡವಾಗಬೇಕು. ಹಸೆಗೋಡೆಯ ಮುಂದೆ ಹಿರಿಯಳು ಹುಡುಗಿಗೆ ಕುಂಚ ಕೊಡುವ ಪದ್ಧತಿಯಲ್ಲಿ ಈ ವಿವೇಕವಿದೆ. ಅದನ್ನು ಕಲೆಯ ಅಧ್ಯಾಯಕ್ಕೆ ಮಾತ್ರ ಮೀಸಲಿಡದೆ ಆಡಳಿತ ಮತ್ತು ತಂತ್ರಜ್ಞಾನದ ಚರಿತ್ರೆಯಲ್ಲೂ ಸೇರಿಸಿಕೊಳ್ಳುವುದು ಜಾನಪದ ಅಧ್ಯಯನದ ಮುಂದಿರುವ ಕೆಲಸ.